ಗದ್ದುಗೆಯ ಹಿಂದಿನ ನಾಯಿಮರಿ

ಹೊಳೆಯ ದಂಡೆಯ ಮೇಲೊಂದು ಮಠ. ಅಲ್ಲಿನ ಗುರುವನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಶಿಷ್ಯನ ಹೆಸರು ಗದಿಗೆಪ್ಪ. ಎಂಟು ದಿನದಿಂದ ಒಂದು ನಾಯಿಮರಿಯೂ ಇತ್ತು. ಬೆಲ್ಲದ ಬಣ್ಣದ್ದೆಂದು ಗದಿಗೆಪ್ಪ ಅದಕ್ಕೆ ಬೆಲ್ಲ ಎಂದೇ ಹೆಸರಿಟ್ಟಿದ್ದ.

ಬೆಲ್ಲ ಬಂದಾಗಿನಿಂದ ಗದಿಗೆಪ್ಪನಿಗೆ ಊಟ ಸೇರುತ್ತಿರಲಿಲ್ಲ. ಮಠದ ಕೆಲಸ ನೋಡಿಕೊಳ್ಳುವ ಬಸಲಿಂಗವ್ವ ದಿನಾ ನಸುಕಿನಲ್ಲೆದ್ದು ಪ್ರಾರ್ಥನೆಯ ಪಡಸಾಲೆಯನ್ನು ಸೆಗಣಿಯಿಂದ ಸಾರಿಸುವಳು. ನೆಲ ಆರುವ ಮೊದಲೇ ಬೆಲ್ಲ ಅಲ್ಲಿ ಉಚ್ಚೆ ಹೊಯ್ದಿರುತ್ತಿತ್ತು.

"ಇನ್ನೊಂದ್ ಸಲ ಹೊಲಸು ಮಾಡಿತಂದ್ರ, ದೋಣಿಯಾಗ ಕುಂದ್ರಿಸಿ ಆ ದಂಡಿಗೆ ಕಳಿಸ್ತೀನಿ ನೋಡಪಾ," ಎಂದಳು ಬಸಲಿಂಗವ್ವ.

ಗದಿಗೆಪ್ಪ ಹೆದರಿಹೋದ. ಮರಿಯ ಮೂತಿ ಹಿಡಿದು ಒದ್ದೆ ನೆಲಕ್ಕೆ ತಿಕ್ಕಿದ. ಗದರಿದ. ಹೊರಗೆ ಒಯ್ದು, ಕೋಲು ಹಿಡಿದು ಎದುರಿಗೇ ನಿಂತ.

"ಹೊಯ್ಯಿ! ಇಲ್ಲೇ ಹೊಯ್ಯಿ!"

ಮರಿ ಬಾಲ ಮುದುರಿಕೊಂಡು ಅವನ ಮುಖವನ್ನೇ ನೋಡುತ್ತಿತ್ತು. ಒಂದು ಹನಿಯೂ ಬರಲಿಲ್ಲ.

ಆದರೆ ಆಮೇಲೆ ಮೂರು ದಿನ ಪಡಸಾಲೆಯಲ್ಲಿ ಉಚ್ಚೆ ಕಾಣಲಿಲ್ಲ.

"ಮರಿ ಕಲೀತ್ರಿ ಅಜ್ಜಾರ."

"ಏನು ಕಲೀತು?"

"ಹೊಲಸು ಮಾಡಬಾರದು ಅನ್ನೋದ."

ಅಜ್ಜಾರು ಸುಮ್ಮನೆ ಮೂಗು ಉಜ್ಜಿಕೊಂಡರು.

ನಾಲ್ಕನೆಯ ಬೆಳಗ್ಗೆ ಪಡಸಾಲೆಯ ಗದ್ದುಗೆಯ ಹಿಂದೆ ಕಸ ಗುಡಿಸಲು ಹೋದ ಗದಿಗೆಪ್ಪ ಪೊರಕೆ ಹಿಡಿದು ಅಲ್ಲೇ ನಿಂತುಬಿಟ್ಟ. ಮರಿಯ ಮೂರು ದಿನದ ಹೊಲಸೂ ಅಲ್ಲೇ ಇತ್ತು. ಬಾವಿಯ ಕಡೆ ಬಸಲಿಂಗವ್ವನ ಬಕೀಟಿನ ಸದ್ದು. ಅವನು ಹೆಗಲ ವಸ್ತ್ರ ಕಿತ್ತು ಅದರ ಮೇಲೆ ಮುಚ್ಚಿದ.

ಅಜ್ಜಾರು ಒಳಗೆ ಬಂದರು.

"ಹೆಗಲ ಮ್ಯಾಲಿನ ವಸ್ತ್ರ ಎಲ್ಲಿ ಗದಿಗೆಪ್ಪ?"

"ಒಗ್ಯಾಕ ಹಾಕೀನ್ರಿ."

ಅಜ್ಜಾರು ಗದ್ದುಗೆಯ ಕಡೆ ಒಮ್ಮೆ ನೋಡಿದರು. ಆಗಷ್ಟೇ ಹಾಲು ಕುಡಿದಿದ್ದ ಮರಿಯನ್ನು ಎತ್ತಿಕೊಂಡು ಬೇವಿನ ಮರದ ಕೆಳಗೆ ಬಿಟ್ಟರು. ಅದಕ್ಕೆ ಬೆನ್ನು ತಿರುಗಿಸಿ, ಹೊಳೆ ನೋಡುತ್ತ ಕೂತರು.

"ಅಜ್ಜಾರ, ನೋಡ್ರಿ ಅದನ್ನ, ಎಲ್ಲ್ಯಾರ ಓಡಿ ಹೋದೀತು!"

"ನೀನೂ ಈ ಕಡೆ ತಿರುಗು."

ಗದಿಗೆಪ್ಪ ಚಡಪಡಿಸುತ್ತ ಕೂತ. ಸ್ವಲ್ಪ ಹೊತ್ತಿಗೆ ಬೆನ್ನ ಹಿಂದೆ ಒಣಗಿದ ಎಲೆಗಳ ಮೇಲೆ ಹನಿ ಬಿದ್ದ ಸಣ್ಣ ಸದ್ದಾಯಿತು. ಅಜ್ಜಾರು ತಿರುಗಿ, ಒಂದು ಚೂರು ರೊಟ್ಟಿ ಕೊಟ್ಟು ಮರಿಯ ತಲೆ ಸವರಿದರು.

"ಶಾಣ್ಯಾ ಅದಿ ನೀ."

ಗದಿಗೆಪ್ಪನಿಗೆ ಅಳು ಬಂತು. "ನಾ ಅಷ್ಟ ಬೈದ್ರೂ ಕಲೀಲಿಲ್ರಿ."

"ಕಲ್ತಿತ್ತು. ನಿನ್ನ ಕಣ್ಣಿಗೆ ಬೀಳದಂಗ ಮಾಡೋದು ಕಲ್ತಿತ್ತು." ಸ್ವಲ್ಪ ತಡೆದು ಅಂದರು, "ನಿನ್ನ ವಸ್ತ್ರ ಗದ್ದುಗಿ ಹಿಂದ ಐತಿ."

"ತಪ್ಪಾತ್ರಿ! ಬಸಲಿಂಗವ್ವ ಮರೀನ ಕಳಿಸಿಬಿಡ್ತಾಳ ಅಂತ ಅಂಜಿದೆ."

"ಆಕಿಗೆ ಅಂಜಿದಿ, ಖರೆ. ನನಗ್ಯಾಕ ಸುಳ್ಳು ಹೇಳಿದಿ?"



"ಹ್ವಾದ ವರ್ಷ ದೀಪದ ಎಣ್ಣಿ ಚೆಲ್ಲಿದ್ದೆ. ಎಲ್ಲಾರ ಮುಂದ ಬೈದಿದ್ರಿ."

ಅಜ್ಜಾರಿಗೆ ಅದು ನೆನಪೇ ಇರಲಿಲ್ಲ. ಅವರ ಮುಖ ಬಾಡಿತು.

ಅಷ್ಟರಲ್ಲಿ ಪಡಸಾಲೆಯಿಂದ ಬಸಲಿಂಗವ್ವನ ಕೂಗು ಬಂತು. "ಗದಿಗೆಪ್ಪಾ! ಏನಪಾ ಇದು ಗದ್ದುಗಿ ಹಿಂದ?"

ಗದಿಗೆಪ್ಪ ಮರಿಯನ್ನು ಎದೆಗವಚಿಕೊಂಡ.

"ನಾ ಬಂದು ತೊಳೀತೀನಿ ಬಸಲಿಂಗವ್ವ," ಎಂದು ಅಜ್ಜಾರು ಕೂಗಿ ಹೇಳಿದರು. "ದೋಣಿಯಾಗ ಕಳಿಸೋದಿದ್ರ ಮೊದಲ ನನ್ನ ಕಳಿಸು."

ಅಜ್ಜಾರು ಶಿಷ್ಯನಿಗೆ ಬೆನ್ನು ತಿರುಗಿಸಿ, ಮತ್ತೆ ಹೊಳೆಯ ಕಡೆ ಮುಖ ಮಾಡಿ ಕೂತರು.

"ಎಣ್ಣಿ ಚೆಲ್ಲಿದ ದಿನದಿಂದ ಏನೇನು ಮುಚ್ಚಿಟ್ಟೀಯೋ ಎಲ್ಲಾ ಹೇಳು ತಮ್ಮಾ. ನಾ ಇಲ್ಲೇ ಹೊಳಿ ನೋಡ್ಕೋತ ಕುಂತಿರ್ತೀನಿ."