ಮರುಪೋಣಿಸಿದ ಓಲೆಕಟ್ಟು

ನಾಟಿ ವೈದ್ಯರ ಓಲೆಕಟ್ಟಿಗೆ ಗುರುಗಳ ಕಾಗದದ ಪುಸ್ತಕದಿಂದ ನಕಲು ಮಾಡಿದ ಐದು ಓಲೆಗಳು ಬಂದವು. ಓಲೆ ಕೊರೆಯುವ ಕಂಟ ಚಡಪಡಿಸಿತು: "ನಮ್ಮವನ್ನು ಬಿಚ್ಚಿ ಇವುಗಳ ಹಿಂದೆ ಪೋಣಿಸಿ, ಸಂಖ್ಯೆ ತಿದ್ದಿಬಿಡೋಣ."

"ತಂದದ್ದು ಸದ್ಯ ಪಕ್ಕದಲ್ಲಿರಲಿ, ಓದಿ ನೋಡೋಣ," ಎಂದಿತು ಕಟ್ಟಿನ ದಾರ. "ನಮ್ಮ ಹಳೆಯ ಸಂಖ್ಯೆಗಳು ವೈದ್ಯರು ಜನರಿಗೆ ಬರೆದುಕೊಟ್ಟ ಚೀಟಿಗಳಲ್ಲಿವೆ."

ಕಂಟಕ್ಕೆ ಅಷ್ಟು ತಾಳ್ಮೆಯೆಲ್ಲಿ? ಸಂಜೆಯೊಳಗೆ ಎಲ್ಲವನ್ನೂ ಮರುಪೋಣಿಸಿ, ಸಂಖ್ಯೆ ತಿದ್ದಿ ಮುಗಿಸಿತು.

ಮರುದಿನ ವೈದ್ಯರು ಊರಲ್ಲಿರಲಿಲ್ಲ. ದ್ಯಾಮವ್ವ ಜ್ವರದ ಕೂಸನ್ನೆತ್ತಿಕೊಂಡು ಬಂದು ವೈದ್ಯರು ಹಿಂದೆ ಕೊಟ್ಟಿದ್ದ ಚೀಟಿ ತೋರಿಸಿದಳು: ಏಳನೇ ಓಲೆಯ ಕಷಾಯ. ವೈದ್ಯರ ಹೆಂಡತಿ ಏಳನೇ ಓಲೆ ತೆಗೆದು ಓದಿದರು.

"ಇದು ಎತ್ತಿನ ಹುಣ್ಣಿಗೆ ಹಚ್ಚೋ ಮದ್ದು ಕಣೇ."

"ಚೀಟಿಯಲ್ಲಿ ಏಳೇ ಇದೆ ಅಕ್ಕ." ಕೂಸು ಅಳುವುದನ್ನೂ ಬಿಟ್ಟಿತ್ತು.

ದಾರ ಕಂಟದತ್ತ ತಿರುಗಿತು. "ಹೋಗು, ಈಗ ಊರೂರಿನ ಚೀಟಿಗಳನ್ನೂ ತಿದ್ದಿ ಬಾ."