ಲಕ್ಕಪ್ಪನ ಸುಳ್ಳು ಲೋಟ

ಒಂದು ಊರಿನಲ್ಲಿ ಲಕ್ಕಪ್ಪ ಎಂಬ ತುತ್ತೂರಿಗಾರನಿದ್ದ. ಪ್ಯಾರೂಸಾಬರ ಬ್ಯಾಂಡ್ ಸೆಟ್ಟಿನಲ್ಲಿ ತುತ್ತೂರಿ ಊದುವುದು ಅವನ ಕೆಲಸ. ಕೆಂಪು ಕೋಟು ತೊಟ್ಟು ಅವನು ಊದಿದನೆಂದರೆ ಮಂಡಿನೋವಿನ ಮುದುಕಿಯರೂ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಆದರೆ ಊದುವ ಬಾಯಿಗೆ ಕುಡಿಯುವ ಚಟ ಅಂಟಿತ್ತು. ಬ್ಯಾಂಡಿನವರಿಗೆ ಊಟದ ಜೊತೆಗೆ ಒಂದು ಬಾಟಲಿಯನ್ನೂ ಕೊಡುವುದು ಆ ಕಡೆಯ ರೂಢಿ. ಲಕ್ಕಪ್ಪ ಮೊದಮೊದಲು ಊಟದ ಜೊತೆ ಕುಡಿಯುತ್ತಿದ್ದ. ಬರಬರುತ್ತ ಊಟದ ಬದಲು ಕುಡಿಯತೊಡಗಿದ.

ಒಂದು ಮದುವೆಯಲ್ಲಿ, ಮದುಮಗ ಚಪ್ಪರದೊಳಗೆ ಕಾಲಿಡುವ ಹೊತ್ತಿಗೆ ಸರಿಯಾಗಿ, ಹೆಣದ ಮುಂದೆ ಊದುವ ಪದವನ್ನು ಊದಿಬಿಟ್ಟ. ಹುಡುಗಿಯ ಸೋದರಮಾವ ಚಪ್ಪಲಿ ಕಳಚಿ ಅಟ್ಟಿಸಿಕೊಂಡು ಬಂದ. ಪ್ಯಾರೂಸಾಬರು ಸಿಕ್ಕಸಿಕ್ಕವರಿಗೆಲ್ಲ ಕೈಮುಗಿದರು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಹೆಂಡತಿ ಸಣ್ಣಮ್ಮ ಮಾತ್ರ ನಗಲಿಲ್ಲ. ಮಗಳನ್ನು ಎತ್ತಿಕೊಂಡು ತವರಿಗೆ ಹೊರಟುಹೋದಳು.

ಮನೆ ಬಿಕೋ ಎನ್ನತೊಡಗಿದ ಮೇಲೆ ಲಕ್ಕಪ್ಪನಿಗೆ ಬುದ್ಧಿ ಬಂತು. ಕುಡಿತ ಬಿಡಿಸುವ ಕೇಂದ್ರಕ್ಕೆ ತಾನಾಗಿಯೇ ಹೋಗಿ ಸೇರಿದ. ಕೈ ನಡುಗಿತು, ನಿದ್ದೆ ಹಾರಿತು, ಇಲ್ಲದ ಇರುವೆಗಳು ಮೈಮೇಲೆ ಹರಿದವು. ಹಲ್ಲು ಕಚ್ಚಿ ತಡೆದುಕೊಂಡ. ಹೊರಡುವ ದಿನ ಅಲ್ಲಿನ ಡಾಕ್ಟರಮ್ಮ ಹೇಳಿದರು:

"ಲಕ್ಕಪ್ಪ, ಇಲ್ಲಿ ಬಿಡೋದು ದೊಡ್ಡದಲ್ಲ, ಇಲ್ಲಿ ಸುರಿದು ಕೊಡೋರಿಲ್ಲ. ಊರಿಗೆ ಹೋದ ತಕ್ಷಣ ಜೊತೆಯವರಿಗೆಲ್ಲ ಬಿಟ್ಟಿದೀನಿ ಅಂತ ಹೇಳಿಬಿಡಿ."

"ಆಗ್ಲಿ ಕಣ್ರವ್ವ" ಎಂದು ತಲೆಯಾಡಿಸಿ ಬಂದ. ತಲೆಯಾಡಿಸುವುದಕ್ಕೆ ಏನು ಖರ್ಚು!

ಸಣ್ಣಮ್ಮ ಮನೆಗೆ ಮರಳಿದಳು. ಬಂದವಳು ಒಂದೇ ಮಾತು ಹೇಳಿದಳು. "ಇನ್ನೊಂದ್ಸಲ ಆ ವಾಸ್ನೆ ಬಂದ್ರೆ ನಾನು ಜಗಳ ಆಡಲ್ಲ, ಅಳಲ್ಲ. ಮಗೀನ ಎತ್ಕೊಂಡು ಹೊಯ್ತೀನಿ. ತಿರ್ಗಿ ಬರಾಕಿಲ್ಲ." ಅವಳು ಆಡಿದಂತೆ ಮಾಡುವವಳು ಎಂದು ಲಕ್ಕಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

ಈಗ ಮನುಷ್ಯನ ನಾಚಿಕೆಯ ಚೆಂದ ನೋಡಿ. ಚರಂಡಿ ಪಕ್ಕ ಬಿದ್ದು ಹೊರಳಿದಾಗ ಲಕ್ಕಪ್ಪನಿಗೆ ನಾಚಿಕೆಯಾಗಿರಲಿಲ್ಲ. ಬಿಟ್ಟಿದ್ದೇನೆ ಎಂದು ಹೇಳುವುದಕ್ಕೆ ನಾಚಿಕೆಯಾಯಿತು! 'ಏನ್ಲಾ, ಸನ್ಯಾಸಿ ಆಗ್ಬುಟ್ಟಾ' ಎಂದು ಜೊತೆಯವರು ಆಡಿಕೊಂಡರೆ? ಕೇಂದ್ರದ ಸುದ್ದಿಯನ್ನೇ ಎತ್ತಲಿಲ್ಲ. ಬೆನ್ನುನೋವಿನ ಔಷಧಿಗೆಂದು ನೆಂಟರ ಊರಿಗೆ ಹೋಗಿದ್ದೆ ಎಂದುಬಿಟ್ಟ. ಮದುವೆಮನೆಯ ಹಿತ್ತಲಲ್ಲಿ ಎಲ್ಲರೂ ಲೋಟ ಹಿಡಿದು ಕೂತಾಗ ತಾನೂ ಒಂದು ಲೋಟ ಹಿಡಿದ. ಅದರಲ್ಲಿ ಇರುತ್ತಿದ್ದುದು ಕಪ್ಪನೆಯ ಕೂಲ್‌ಡ್ರಿಂಕ್ಸ್ ಮಾತ್ರ. ರಮ್ಮು ಬೆರೆಸಿಕೊಂಡಿದ್ದಾನೆ ಎಂದು ನೋಡಿದವರು ತಿಳಿದರು. ಅವನು ಬೇಕೆಂದೇ ಒಂದಿಷ್ಟು ತೊದಲುತ್ತಲೂ ಇದ್ದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ತನ್ನ ಜಾಣತನಕ್ಕೆ ತಾನೇ ಬೀಗಿದ.

ಹೀಗಿರಲು ಒಂದು ಬೀಗರೂಟ ಬಂತು. ಮಟ ಮಟ ಮಧ್ಯಾಹ್ನ. ಛತ್ರದ ಹಿಂದೆ ಬ್ಯಾಂಡಿನವರಿಗೆ ಚಾಪೆ ಹಾಸಿದ್ದರು. ಲಕ್ಕಪ್ಪ ಎಂದಿನಂತೆ ತನ್ನ ಕಪ್ಪು ಲೋಟ ಇಟ್ಟುಕೊಂಡು ಕೂತಿದ್ದ. ಅಷ್ಟರಲ್ಲಿ ಗಂಡಿನ ತಾತನಿಗೆ ಒಂದು ಹಳೆಯ ಹಾಡು ಕೇಳುವ ಆಸೆಯಾಯಿತು. ಲಕ್ಕಪ್ಪ ಲೋಟ ಅಲ್ಲೇ ಬಿಟ್ಟು, ಒಳಗೆ ಹೋಗಿ ಊದಿ ಬಂದ.

ಅವನ ಪಕ್ಕ ಕೂತಿದ್ದವನು ಡೋಲಿನ ಕಾಟಯ್ಯ. ಒಳ್ಳೆಯವನು, ಲಕ್ಕಪ್ಪನನ್ನು ಕಂಡರೆ ಸ್ವಂತ ತಮ್ಮನ ಹಾಗೆ. ತಮ್ಮನ ಲೋಟ ಅರ್ಧವಾಗಿದೆಯಲ್ಲ, ಬಾಟಲಿ ಖಾಲಿಯಾಗುವ ಮೊದಲು ಅವನ ಪಾಲು ಎತ್ತಿಡೋಣ ಎಂದು ಪ್ರೀತಿಯಿಂದಲೇ ರಮ್ಮು ಸುರಿದಿಟ್ಟ. ಅವನದೇನು ತಪ್ಪು ಹೇಳಿ!

ಊದಿ ಊದಿ ಲಕ್ಕಪ್ಪನ ಗಂಟಲು ಒಣಗಿತ್ತು. ಬಂದವನೇ ಲೋಟ ಎತ್ತಿದ. ತುಟಿಯ ಹತ್ತಿರ ಬಂದಾಗ ವಾಸನೆ ಮೂಗಿಗೆ ಬಡಿಯಿತು.

ಇಳಿಸಬೇಕು. ಕೈ ಇಳಿಯಲಿಲ್ಲ. ಬಾಯಲ್ಲಿ ನೀರೂರಿತು. ಒಳಗೊಂದು ದನಿ ಬೆಣ್ಣೆಯಂತೆ ಮಾತಾಡಿತು: 'ನೀನೇನು ಕೇಳಿ ಹಾಕಿಸಿಕೊಂಡೆಯಾ? ತಾನಾಗಿ ಬಂದದ್ದು. ಇಲ್ಲಿ ಬೆರಗಾಗುವವರಾದರೂ ಯಾರು? ನೀನು ದಿನವೂ ಕುಡಿಯುತ್ತೀಯ ಎಂದೇ ಎಲ್ಲರೂ ತಿಳಿದಿದ್ದಾರೆ.'

ಈ ಕೊನೆಯ ಮಾತಿಗೆ ಲಕ್ಕಪ್ಪನ ಎದೆ ಧಸಕ್ಕೆಂದಿತು. ಹೌದಲ್ಲ! ತಾನು ಈಗ ಕುಡಿದರೆ ಬೇಡ ಎನ್ನುವ ಒಬ್ಬ ನರಪಿಳ್ಳೆಯೂ ಇಲ್ಲಿಲ್ಲ. ಹಾಗೆ ಮಾಡಿಟ್ಟವನು ತಾನೇ. ನಗುವವರ ಭಯಕ್ಕೆ, ಕಾಯುವವರನ್ನೂ ಇಲ್ಲದಂತೆ ಮಾಡಿಕೊಂಡಿದ್ದ.

"ಕಾಟಯ್ಯಣ್ಣ" ಎಂದ. "ಈ ಲೋಟ ನನ್ನ ಕೈಯಿಂದ ಕಿತ್ಕೊ. ನಾನು ಬಿಟ್ಟಿದೀನಿ ಕಣಣ್ಣ. ಔಷಧಿಗೆ ಅಂತ ಸುಳ್ಳು ಹೇಳ್ದೆ, ಕೇಂದ್ರಕ್ಕೆ ಸೇರಿದ್ದೆ. ಈಗ ಕುಡುದ್ರೆ ನನ್ನ ಸಂಸಾರ ಹೊಯ್ತದೆ. ಬೇಗ ಕಿತ್ಕೊ!"

ಕಾಟಯ್ಯ ಕಕ್ಕಾಬಿಕ್ಕಿಯಾದ. ಆಮೇಲೆ ಹಾವು ಕಂಡವನಂತೆ ಲೋಟಕ್ಕೆ ಕೈ ಹಾಕಿ ಎಳೆದ. ಎಳೆದ ರಭಸಕ್ಕೆ ಅದರಲ್ಲಿದ್ದುದೆಲ್ಲ ಲಕ್ಕಪ್ಪನ ಕೋಟಿನ ಮೇಲೆ ಚೆಲ್ಲಿತು.

"ಥೂ ನಿನ್ನ! ಮೊದ್ಲೇ ಹೇಳಾಕೇನಾಗಿತ್ಲಾ?" ಎಂದು ಕಾಟಯ್ಯ ಗದರಿದ. ಕಣ್ಣಲ್ಲಿ ನೀರು ತುಂಬಿತ್ತು. "ತಮ್ಮ ತಮ್ಮ ಅಂತ ನಾನೇ ನಿನ್ನ ಮನೆ ಮುರೀತಿದ್ನಲ್ಲೋ!"

ತಾಳದವನೊಬ್ಬ ಕಿಸಕ್ಕನೆ ನಕ್ಕ. ಪ್ಯಾರೂಸಾಬರು ತಿರುಗಿ ನೋಡಿದರು, ನಗು ಅಲ್ಲೇ ನಿಂತಿತು.

"ಲಕ್ಕಪ್ಪ, ನಾನು ಹುಟ್ಟಿದಾಗಿಂದ ಸೋಡಾ ಕುಡ್ಕೊಂಡೇ ಇವರ ಮಧ್ಯೆ ಕೂತಿದೀನಲ್ಲಪ್ಪ" ಎಂದರು ಸಾಬರು. "ನನ್ನನ್ನ ನೋಡಿ ಯಾರಾದ್ರೂ ನಕ್ಕಿದಾರಾ? ಬಾ, ಇನ್ಮೇಲೆ ನನ್ನ ಪಕ್ಕ ಕೂತ್ಕೊ."

ಇಷ್ಟೇನಾ! ಇಷ್ಟಕ್ಕೇ ತಾನು ಅಷ್ಟು ಹೆದರಿದ್ದು! ಲಕ್ಕಪ್ಪನಿಗೆ ನಗುವೂ ಬಂತು, ಅಳುವೂ ಬಂತು. ತಲೆಯ ಮೇಲಿನ ಮೂಟೆ ಇಳಿಸಿದಷ್ಟು ಹಗುರಾಯಿತು. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡ.

ಕೈ ತೊಳೆಯುವಾಗ ಕೋಟಿನ ವಾಸನೆ ಘಮ್ಮೆಂದು ಎದ್ದಿತು. ಈ ವಾಸನೆ ಹೊತ್ತು ಹೋದರೆ ಸಣ್ಣಮ್ಮ ನಂಬುತ್ತಾಳೆಯೇ? ಕುಡುಕನ ಆಣೆ ನೂರು ಸಲ ಕೇಳಿದವಳು ಅವಳು.

"ನೀನು ಸುಮ್ಕಿರು, ನಾವು ಬತ್ತೀವಿ" ಎಂದ ಕಾಟಯ್ಯ.

ಸಂಜೆ, ಬಾಗಿಲ ಮುಂದೆ ರಾಗಿ ಕೇರುತ್ತಿದ್ದ ಸಣ್ಣಮ್ಮ ತಲೆಯೆತ್ತಿದಳು. ಇಡೀ ಬ್ಯಾಂಡ್ ಸೆಟ್ಟು ಅಂಗಳದಲ್ಲಿ ನಿಂತಿತ್ತು. ಮಧ್ಯದಲ್ಲಿ ಗಂಡ. ಗಾಳಿ ಅವಳ ಕಡೆಗೇ ಬೀಸಿತು. ಅವಳ ಮುಖ ಬಿಳುಚಿತು. ಮೊರ ಕೆಳಗಿಟ್ಟು, ಒಳಗೆ ಆಡುತ್ತಿದ್ದ ಮಗಳನ್ನು ಕರೆಯಲು ಬಾಯಿ ತೆರೆದಳು.

"ತಂಗ್ಯವ್ವ, ತಡಿ!" ಎಂದು ಕಾಟಯ್ಯ ಅಡ್ಡ ಬಂದ. "ವಾಸ್ನೆ ಕೋಟಿಂದು, ಬಾಯಿಂದಲ್ಲ. ಸುರಿದೋನು ನಾನು, ಚೆಲ್ಲಿದೋನೂ ನಾನೇ. ಇವ್ನು ತುಟಿಗೆ ಸೋಕಿಸ್ಲಿಲ್ಲ, ನಾವೆಲ್ಲ ಕಣ್ಣಾರೆ ಕಂಡಿದೀವಿ."

"ಅಲ್ಲಾನ ಆಣೆ, ನಿಜ ಕಣಮ್ಮ" ಎಂದರು ಪ್ಯಾರೂಸಾಬರು. ಆಗ ನಕ್ಕಿದ್ದ ತಾಳದವನೂ ತಲೆಯಾಡಿಸಿದ.

ಸಣ್ಣಮ್ಮ ಮುಂದೆ ಬಂದಳು. ಗಂಡನ ಗಲ್ಲ ಹಿಡಿದು ಬಾಯಿ ಮೂಸಿದಳು. ಕೋಳಿಸಾರು, ಈರುಳ್ಳಿ, ಎಲೆಅಡಿಕೆ. ಇನ್ನೊಮ್ಮೆ ಮೂಸಿದಳು. ಅಷ್ಟು ಜನರ ಮುಂದೆಯೇ ಸೆರಗನ್ನು ಬಾಯಿಗೊತ್ತಿಕೊಂಡು ಬಿಕ್ಕಿದಳು.

ಕಣ್ಣೊರೆಸಿಕೊಂಡು ಸಣ್ಣಮ್ಮ ಹೇಳಿದಳು:

"ಕೋಟು ಬಿಚ್ಚಿ ಬಕೀಟಿಗಾಕು. ನೀನು ಒಳೀಕ್ ಬಾ."

ನೀತಿ: ಚಟ ಬಿಟ್ಟವನು ಬಿಟ್ಟದ್ದನ್ನು ಬಚ್ಚಿಡಬಾರದು. ಗುಟ್ಟಾಗಿ ಬಿಟ್ಟವನು ಗುಟ್ಟಾಗಿಯೇ ಮತ್ತೆ ಹಿಡಿಯುತ್ತಾನೆ. ನಾಲ್ಕು ಜನರಿಗೆ ಹೇಳಿ ಬಿಟ್ಟವನಿಗೆ, ಆ ನಾಲ್ಕು ಜನರೇ ಬೇಲಿಯಾಗಿ ನಿಲ್ಲುತ್ತಾರೆ.