ಪಡಕ್ ಅಂದ ಗಾಡಿ, ಡುಗುಡುಗು ಅಂದ ರಾಜ

ಒಂದಾನೊಂದು ಊರಿನಲ್ಲಿ ಮನೆಗೊಂದು ಮೋಟಾರುಸೈಕಲ್ಲು ಇತ್ತು. ಊರಿಗೊಬ್ಬ ರಾಜನೂ ಇದ್ದ. ರಾಜರ ಕಾಲದಲ್ಲಿ ಮೋಟಾರುಸೈಕಲ್ಲು ಎಲ್ಲಿಂದ ಬಂತು ಅಂತ ಕೇಳಬೇಡಿ. ರಸ್ತೆಯಿಂದ ಬಂತು. ಊರಿನ ಹೆಸರು ಕಿವಿಗೆರೆ.

ಕಿವಿಗೆರೆಯಲ್ಲಿ ಒಂದು ಗಾಡಿಯ ಸದ್ದು ಇನ್ನೊಂದಕ್ಕೆ ಇರಲಿಲ್ಲ. ಗಾಣದ ಪುಟ್ಟೀರಮ್ಮನ ಗಾಡಿ ಸೊಳ್ಳೆಯ ಹಾಗೆ ಕೀಂಯ್ ಅನ್ನುತ್ತಿತ್ತು. ಅದು ಬಂದರೆ ಜನ ಸುಮ್ಮಸುಮ್ಮನೆ ಕೈ ಕಾಲು ಕೆರೆದುಕೊಳ್ಳುತ್ತಿದ್ದರು. ಶಾಮರಾಯ ಮೇಷ್ಟ್ರ ಗಾಡಿ ಪಿಸುಗುಡುತ್ತಿತ್ತು. ಎಷ್ಟು ಮೆತ್ತಗೆ ಅಂದರೆ, ಗಾಡಿ ಓಡುತ್ತಿದೆಯೋ ನಿಂತಿದೆಯೋ ಅಂತ ಮೇಷ್ಟ್ರು ಪಕ್ಕದ ಮರಗಳನ್ನು ಕೇಳಿ ತಿಳಿದುಕೊಳ್ಳಬೇಕಿತ್ತು.

"ಗಾಡಿ ಅಂದ್ರೆ ಕಿರುಚಬೇಕು," ಅನ್ನುತ್ತಿದ್ದಳು ಪುಟ್ಟೀರಮ್ಮ.

"ಛೆ ಛೆ, ಗಾಡಿ ಅಂದ್ರೆ ಗುಟ್ಟು ಹೇಳೋ ಹಾಗಿರಬೇಕು," ಅನ್ನುತ್ತಿದ್ದರು ಮೇಷ್ಟ್ರು.

ಹೀಗೆ ಬೇವಿನಕಟ್ಟೆಯ ಮೇಲೆ ಕೂತು ಜಗಳ ಆಡುತ್ತಿದ್ದರು. ಜಗಳ ಮುಗಿದ ಮೇಲೆ ತಂತಮ್ಮ ಸದ್ದು ಹತ್ತಿಕೊಂಡು ಮನೆಗೆ ಹೋಗುತ್ತಿದ್ದರು.

ಇದೇ ಊರಿನಲ್ಲಿ ಹಾಲಪ್ಪ ಅಂತ ಒಬ್ಬನಿದ್ದ. ಹಪ್ಪಳ ಮಾರುವವನು. ಅವನ ಗಾಡಿ ಹಳೆಯದು. ಅದರ ಹೊಗೆಕೊಳವೆ ಇನ್ನೂ ಹಳೆಯದು. ಕೆಮ್ಮಿ ಕೆಮ್ಮಿ ಅದರ ಗಂಟಲು ಹೋಗಿತ್ತು. ಗಾಡಿ ಹೊರಟರೆ, "ಪಟಪಟ, ಪಟಪಟ, ಪಡಕ್... ಅಯ್ಯೋ!" ಅನ್ನುತ್ತಿತ್ತು. ಮತ್ತೆ, "ಪಟಪಟ, ಪಟಪಟ, ಪಡಕ್... ಅಯ್ಯೋ!" ಊರವರಿಗೆ ಆ ಸದ್ದು ಸೇರುತ್ತಿರಲಿಲ್ಲ. ಹಾಲಪ್ಪನ ಹೆಂಡತಿ ಸಣ್ಣೀರಮ್ಮನಿಗೆ ಮಾತ್ರ ಬಲು ಸೇರುತ್ತಿತ್ತು. ಕೆರೆ ಏರಿಯ ತಿರುವಿನಲ್ಲಿ ಪಡಕ್ ಅಂದರೆ ಅವಳು ಕಾವಲಿಯ ಮೇಲೆ ರೊಟ್ಟಿ ಹಾಕುವಳು. ಬಾಗಿಲಲ್ಲಿ ಅಯ್ಯೋ ಅಂದರೆ ರೊಟ್ಟಿ ತಿರುವಿ ಹಾಕುವಳು. ಗಾಡಿ ನಿಂತಾಗ ರೊಟ್ಟಿ ಉಬ್ಬಿರುತ್ತಿತ್ತು.

ಇನ್ನು ರಾಜ. ಅವನ ಹೆಸರು ದುಡುಮರಾಜ. ಅವನ ಗಾಡಿ ಡುಗು ಡುಗು ಡುಗು ಡುಗು ಅನ್ನುತ್ತಿತ್ತು. ಆ ಸದ್ದು ಅಂದರೆ ಅವನಿಗೆ ಪ್ರಾಣ. ಡುಗುಡುಗು ಕೇಳದೆ ಹಲ್ಲುಜ್ಜುತ್ತಿರಲಿಲ್ಲ. ಡುಗುಡುಗು ಕೇಳದೆ ಉಂಡದ್ದು ಅರಗುತ್ತಿರಲಿಲ್ಲ. ರಾಣಿ ಒಮ್ಮೆ, "ನಿಮಗೆ ನಾನು ಬೇಕೋ ಡುಗುಡುಗು ಬೇಕೋ?" ಅಂದಳು. ರಾಜ ತುಂಬಾ ಹೊತ್ತು ಯೋಚನೆ ಮಾಡಿದ. ಅವನು ಯೋಚನೆ ಮಾಡುತ್ತಿರುವಾಗಲೇ ಅವಳು ತವರಿಗೆ ಹೋದಳು.

ಒಂದು ದಿನ ರಾಜನ ಸವಾರಿ ಪೇಟೆಬೀದಿಯಲ್ಲಿ ಬಂತು. ಡುಗು ಡುಗು ಡುಗು ಡುಗು. ಜನ ಕೈ ಮುಗಿದು ನಿಂತರು. ಎದುರಿನಿಂದ ಹಾಲಪ್ಪ ಬಂದ. ರಾಜನ ಪಕ್ಕಕ್ಕೆ ಬರುವುದಕ್ಕೂ ಅವನ ಗಾಡಿ, "ಪಡಕ್... ಅಯ್ಯೋ!" ಅನ್ನುವುದಕ್ಕೂ ಸರಿಹೋಯಿತು.

ರಾಜ ಬ್ರೇಕು ಹಾಕಿದ. "ಯಾರಿಗೋ ಅಯ್ಯೋ ಅಂದಿದ್ದು?"

"ಯಾರಿಗೂ ಅಲ್ಲ ಮಹಾಪ್ರಭು," ಅಂದ ಹಾಲಪ್ಪ. "ಅದರ ಗಂಟಲೇ ಹಾಗೆ."

ಅಷ್ಟಕ್ಕೆ ಮುಗಿಯುತ್ತಿತ್ತು. ಆದರೆ ಹೊಗೆಕೊಳವೆಗೆ ಸುಳ್ಳು ಹೇಳಿ ಅಭ್ಯಾಸ ಇರಲಿಲ್ಲ. ಅದು ಹಿಂದಿನಿಂದ ಕೆಮ್ಮಿ, "ಪ್ರಭು, ನಿಮ್ಮನ್ನು ನೋಡಿ ಅಂದಿದ್ದಲ್ಲ. ನಿಮ್ಮ ಗಾಡಿ ಸದ್ದು ಕೇಳಿ ಅಂದಿದ್ದು," ಅಂದಿತು.

ರಾಜನ ಮೀಸೆ ನಡುಗಿತು. ಅಲ್ಲೇ, ಬೀದಿಯ ಮಧ್ಯದಲ್ಲೇ, ಅಪ್ಪಣೆ ಹೊರಟಿತು. ಇನ್ನು ಮೇಲೆ ಕಿವಿಗೆರೆಯಲ್ಲಿ ಎಲ್ಲ ಗಾಡಿಗಳೂ ಡುಗುಡುಗು ಅನ್ನಬೇಕು. ಕೀಂಯ್ ಕೂಡದು. ಪಿಸುಪಿಸು ಕೂಡದು. ಪಡಕ್ ಅಂತೂ ಕೂಡಲೇ ಕೂಡದು.

ಸಂಜೆಯೊಳಗೆ ಊರಿನ ಹಳೆಯ ಕೊಳವೆಗಳನ್ನೆಲ್ಲ ಕಿತ್ತರು. ಅವುಗಳನ್ನು ಅರಮನೆಯ ಹಗೇವಿನಲ್ಲಿ, ಅಂದರೆ ಜೋಳ ತುಂಬಿಡುವ ನೆಲದ ಗುಂಡಿಯಲ್ಲಿ, ಹಾಕಿ ಬಂಡೆ ಮುಚ್ಚಿದರು. ಗಾಡಿಗಳಿಗೆಲ್ಲ ಕುಂಬಳಕಾಯಿ ಗಾತ್ರದ ಹೊಸ ಕೊಳವೆ ಸಿಕ್ಕಿಸಿದರು.

ಹಾಲಪ್ಪ ಹೊಸ ಕೊಳವೆಯೊಂದಿಗೆ ಮನೆಗೆ ಹೊರಟ. ಡುಗು ಡುಗು ಡುಗು ಡುಗು. ಹಿಂದೆ ಕಟ್ಟಿದ್ದ ಹಪ್ಪಳವೆಲ್ಲ ನಡುಗಿ ನಡುಗಿ ಪುಡಿಯಾಯಿತು.

"ಸ್ವಲ್ಪ ಮೆತ್ತಗೆ ಹೋಗಪ್ಪಾ," ಅಂದ ಹಾಲಪ್ಪ.

"ನಾನು ರಾಜಮನೆತನದ ಕೊಳವೆ," ಅಂದಿತು ಅದು. "ಹಪ್ಪಳದ ಜೊತೆ ನನಗೆ ಮಾತಿಲ್ಲ."

ಮನೆ ಬಂತು. ಬಾಗಿಲು ಹಾಕಿತ್ತು. ರೊಟ್ಟಿಯ ವಾಸನೆ ಇಲ್ಲ. ಹಾಲಪ್ಪ ಬಾಗಿಲು ತಟ್ಟಿದ.

"ಯಾರು?" ಅಂದಳು ಸಣ್ಣೀರಮ್ಮ ಒಳಗಿನಿಂದ.

"ನಾನೇ ಕಣೇ, ಹಾಲಪ್ಪ."

"ಅವರಿನ್ನೂ ಬಂದಿಲ್ಲ. ಬಂದಿದ್ರೆ ಕೇಳಿಸ್ತಿತ್ತು."

"ಬಾಗಿಲು ತೆಗೆದು ನನ್ನ ಮುಖ ನೋಡು!"

ಅವಳು ತೆಗೆದು ನೋಡಿದಳು. ಮೇಲೆ ನೋಡಿದಳು, ಕೆಳಗೆ ನೋಡಿದಳು. "ಮುಖವೇನೋ ಅವರದ್ದೇ ಇದ್ದ ಹಾಗಿದೆ," ಅಂದಳು. "ಆದ್ರೆ ಮುಖ ಯಾರು ಬೇಕಾದ್ರೂ ಇಟ್ಕೋಬಹುದು. ಕೂತ್ಕೊಳ್ಳಿ ಅಣ್ಣ. ಅವರು ಬರೋ ಹೊತ್ತಾಯ್ತು."

ಅಣ್ಣ ಅಂದುಬಿಟ್ಟಳು! ಹಾಲಪ್ಪನ ಎದೆ ಧಸಕ್ ಅಂದಿತು. ಆದರೆ ಎದೆಯ ಸದ್ದು ಅವಳಿಗೆ ಗುರುತಿರಲಿಲ್ಲ. ಅವಳು ಒಂದು ಚೊಂಬು ನೀರು ತಂದಿಟ್ಟಳು, ಬಂದ ನೆಂಟರಿಗೆ ಕೊಡುವ ಹಾಗೆ. ಹಾಲಪ್ಪ ತನ್ನ ಮನೆಯ ಜಗಲಿಯ ಮೇಲೆ ನೆಂಟನ ಹಾಗೆ ಕೂತ.

ಅವಳೂ ಹೊಸಿಲ ಮೇಲೆ ಕೂತಳು. ಇಬ್ಬರೂ ಸೇರಿ ಹಾಲಪ್ಪನ ದಾರಿ ನೋಡಿದರು.

"ತುಂಬಾ ಒಳ್ಳೆಯವರು ನಮ್ಮನೆಯವರು," ಅಂದಳು ಸಣ್ಣೀರಮ್ಮ. "ಮಳೆ ಬಂದ್ರೆ ತಮ್ಮ ಟವೆಲ್ಲು ಹಪ್ಪಳದ ಮೇಲೆ ಹೊದಿಸಿ, ತಾವು ನೆನೆದುಕೊಂಡು ಬರ್ತಾರೆ. ನಾನು ನಕ್ಕರೆ ಅವರೂ ನಗ್ತಾರೆ, ಯಾಕೆ ಅಂತಾನೂ ಕೇಳಲ್ಲ."

ಇಂಥ ಮಾತನ್ನು ಅವಳು ಯಾವತ್ತೂ ಅವನ ಮುಂದೆ ಆಡಿದವಳಲ್ಲ. ಹಾಲಪ್ಪನಿಗೆ ಖುಷಿಯಾಯಿತು. ಆಮೇಲೆ ಆ ಹಾಲಪ್ಪನ ಮೇಲೆ ಹೊಟ್ಟೆಕಿಚ್ಚಾಯಿತು. ಹೊತ್ತು ಮುಳುಗುತ್ತಾ ಬಂದಂತೆ ಅವನಿಗೇ ಕಾಳಜಿ ಶುರುವಾಯಿತು. "ಇಷ್ಟು ಹೊತ್ತು ಎಲ್ಲಿಗೆ ಹೋದ ಈ ಮನುಷ್ಯ?" ಅಂತ ಕತ್ತು ಚಾಚಿ ಕೆರೆ ಏರಿ ನೋಡಿದ. ಯಾರೂ ಬರಲಿಲ್ಲ.

ಊರಿನ ತುಂಬಾ ಇದೇ ಗತಿ. ಪುಟ್ಟೀರಮ್ಮನ ಗಂಡ, ಕೀಂಯ್ ಅನ್ನದೆ ಬಂದ ಹೆಂಗಸನ್ನು ಒಳಗೆ ಬಿಡಲಿಲ್ಲ. ಮೇಷ್ಟ್ರನ್ನು ಅವರ ನಾಯಿಯೇ ಅಟ್ಟಿಸಿಕೊಂಡು ಹೋಯಿತು.

ಬೆಳಗಾಗುತ್ತಲೇ ಹಾಲಪ್ಪ ಎದ್ದ. ರಾಜನ ಕಾಲು ಹಿಡಿದಾದರೂ ತನ್ನ ಸದ್ದು ಬಿಡಿಸಿಕೊಂಡು ಬರುತ್ತೇನೆ ಅಂತ ಗಾಡಿ ಹತ್ತಿದ. ಡುಗು ಡುಗು ಡುಗು ಡುಗು. ಅರಮನೆಯ ಬಾಗಿಲು ಹತ್ತಿರ ಬಂತೋ ಇಲ್ಲವೋ, ಕಾವಲುಗಾರ ಎದ್ದು ನಿಂತು ಕಹಳೆ ಊದಿದ.

"ಮಹಾಪ್ರಭುಗಳು ಬಂದರು!"

"ಎಲ್ಲಿ?" ಅಂತ ಹಾಲಪ್ಪ ಹಿಂದಕ್ಕೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ಡುಗುಡುಗು ಅಂತ ಬಂದವರೇ ನಮ್ಮ ರಾಜರು," ಅಂದ ಕಾವಲುಗಾರ. "ಬೇಗ ಒಳಗೆ ಹೋಗಿ ಪ್ರಭು, ಜಾಗ ಸಿಗಲ್ಲ."

ಒಳಗೆ ಹೋಗಿ ನೋಡಿದರೆ ಸಿಂಹಾಸನದ ಮೇಲೆ ಪುಟ್ಟೀರಮ್ಮ ಕೂತಿದ್ದಾಳೆ. ಅವಳ ಪಕ್ಕಕ್ಕೆ ಮೇಷ್ಟ್ರು. ಮೇಷ್ಟ್ರ ತೊಡೆಯ ಮೇಲೆ ಊರ ಕ್ಷೌರಿಕ. ಸಾಲದೆ ಇನ್ನೊಂದಷ್ಟು ರಾಜರು ಚಾಪೆಯ ಮೇಲೆ ಕೂತಿದ್ದಾರೆ. ಮನೆಯಲ್ಲಿ ಸೇರಿಸದವರೆಲ್ಲ ಇಲ್ಲಿ ಬಂದು ರಾಜರಾಗಿದ್ದರು. ಎಲ್ಲರೂ ಅಪ್ಪಣೆ ಕೊಡುತ್ತಿದ್ದರು. ಒಬ್ಬ ರಾಜ ಮಂಗಳವಾರವನ್ನು ಗಿಡ್ಡ ಮಾಡು ಅಂದ. ಇನ್ನೊಬ್ಬ ರಾಜ ಉದ್ದ ಮಾಡು ಅಂದ. ಮಂಗಳವಾರ ಬಾಗಿಲ ಹತ್ತಿರ ನಿಂತು ಅಳುತ್ತಿತ್ತು. ಮುಂದೆ ಹಬ್ಬದಡುಗೆ ಬಡಿಸಿತ್ತು. ಆದರೆ ಹಿರಿಯ ರಾಜರು ಕೈ ಹಾಕದೆ ಉಳಿದವರು ಉಣ್ಣುವಂತಿಲ್ಲ. ಹಿರಿಯ ರಾಜರು ಯಾರು ಅಂತ ತೀರ್ಮಾನವಾಗಿರಲಿಲ್ಲ. ಎಲೆಯ ಮೇಲೆ ಪಾಯಸ ಹೆಪ್ಪುಗಟ್ಟಿತ್ತು.

ಹಾಲಪ್ಪನಿಗೆ ರಾಜತನ ಬೇಡವಾಗಿತ್ತು. ಅವನು ಹೊರಗೆ ಬಂದ. ಹೊರಗೆ ದಿಡ್ಡಿಬಾಗಿಲಲ್ಲಿ ಒಬ್ಬ ಮೊಣಕಾಲಿಗೆ ಮುಖ ಕೊಟ್ಟು ಕೂತಿದ್ದ. ಅವನೇ ದುಡುಮರಾಜ.

"ಇಲ್ಲಿ ಯಾಕೆ ಪ್ರಭು?"

"ನಡೆದಾಡಿ ಬರೋಣ ಅಂತ ಗಾಡಿ ಬಿಟ್ಟು ಹೊರಗೆ ಬಂದೆ ಕಣಯ್ಯಾ," ಅಂತ ರಾಜ ಬಿಕ್ಕಿದ. "ಕಾಲಿಗೆ ಸದ್ದಿಲ್ಲ ಅಂತ ಕಾವಲುಗಾರ ಒಳಗೇ ಬಿಡ್ತಿಲ್ಲ. ಒಳಗೆ ರಾಜರು ತುಂಬಿ ಹೋಗಿದ್ದಾರೆ, ನಾಳೆ ಬಾ ಅಂತಾನೆ."

"ಮನೆಯಲ್ಲಿ ನನ್ನನ್ನೂ ಬಿಡ್ತಿಲ್ಲ."

"ನಿನ್ನ ಹೆಂಡತಿ ಮನೇಲಾದ್ರೂ ಇದ್ದಾಳೆ."

ಹಾಲಪ್ಪನೂ ಅವನ ಪಕ್ಕದಲ್ಲಿ ಕೂತ. ಆಮೇಲೆ ಹಾಲಪ್ಪ, "ಹಗೇವು ತೆಗೆಸಿ ಪ್ರಭು, ಎಲ್ಲಾ ಸರಿಹೋಗುತ್ತೆ," ಅಂದ.

"ತೆಗೀರೋ!" ಅಂತ ರಾಜ ಕೂಗಿದ.

"ದಾರಿಹೋಕನ ಮಾತಿಗೆ ಹಗೇವು ತೆಗೆಯಲ್ಲ," ಅಂದ ಕಾವಲುಗಾರ.

ಹಾಲಪ್ಪ ಗಾಡಿ ಹತ್ತಿ ಒಂದು ಸಲ ಡುಗುಡುಗು ಅನ್ನಿಸಿದ. "ತೆಗಿ," ಅಂದ.

"ಅಪ್ಪಣೆ ಪ್ರಭು!" ಅಂತ ಕಾವಲುಗಾರ ಓಡಿಹೋಗಿ ಬಂಡೆ ಸರಿಸಿದ.

ಆಗ ಒಂದು ವಿಚಿತ್ರ ನಡೆಯಿತು. ಕೊಳವೆಗಳು ಅಲ್ಲೇ ಇದ್ದವು, ಒಳಗಿದ್ದ ಸದ್ದುಗಳು ಮಾತ್ರ ಮೇಲೆದ್ದವು. ಕತ್ತಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತು ಅವುಗಳಿಗೆ ಸಾಕಾಗಿತ್ತು. ಕೀಂಯ್, ಪಿಸುಪಿಸು, ಪಡಕ್, ಅಯ್ಯೋ ಅನ್ನುತ್ತಾ ಒಡೆಯರಿಗೂ ಕಾಯದೆ ತಂತಮ್ಮ ಮನೆಯ ದಾರಿ ಹಿಡಿದು ಓಡಿದವು. ಒಳಗಿದ್ದ ರಾಜರೆಲ್ಲ ಪಾಯಸ ಬಿಟ್ಟು, ಹಳೆಯ ಕೊಳವೆ ಹೊತ್ತುಕೊಂಡು, "ನಿಲ್ಲು! ನಿಲ್ಲು!" ಅಂತ ಹಿಂದೆ ಓಡಿದರು. ಅರಮನೆಯ ಬಾಗಿಲಲ್ಲಿ ಕೊನೆಗೆ ಒಬ್ಬನೇ ಉಳಿದ. ಹೋಗುವುದಕ್ಕೆ ಬೇರೆ ಮನೆ ಇಲ್ಲದವನು. ಹಾಗಾದರೆ ಇವನೇ ರಾಜ ಇರಬೇಕು ಅಂತ ಕಾವಲುಗಾರ ಕಹಳೆ ಊದಿದ.

ಹಾಲಪ್ಪ ರಾಜಮನೆತನದ ಕೊಳವೆ ಕಿತ್ತೆಸೆದು, ಹಳೆಯದನ್ನು ಸಿಕ್ಕಿಸಿ, ಸದ್ದಿಲ್ಲದ ಗಾಡಿಯನ್ನು ತಳ್ಳಿಕೊಂಡು ಹೊರಟ. ಬಿಸಿಲು ನೆತ್ತಿಗೇರಿತ್ತು. ಹೊಟ್ಟೆ ಚುರುಗುಡುತ್ತಿತ್ತು. ಕೆರೆ ಏರಿಗೆ ಬಂದಾಗ ರೊಟ್ಟಿಯ ವಾಸನೆ ಬಂತು. ಅವನು ತಳ್ಳುತ್ತಲೇ ಓಡಿದ.

ಬಾಗಿಲು ತೆರೆದಿತ್ತು. ಒಳಗೆ ಮಣೆ ಹಾಕಿತ್ತು. ಮಣೆಯ ಮುಂದೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಮಣೆಯ ಮೇಲೆ ಯಾರೂ ಇರಲಿಲ್ಲ. ಸದ್ದು ಕೂತಿತ್ತು.

"ಪಟಪಟ, ಪಟಪಟ, ಪಡಕ್... ಅಯ್ಯೋ!"

"ಬನ್ನಿ ಅಣ್ಣ," ಅಂದಳು ಸಣ್ಣೀರಮ್ಮ. ಅವಳ ಕಣ್ಣು ತುಂಬಿತ್ತು. "ಇವರು ಬಂದ್ರು. ಆದ್ರೆ ಬಡಿಸಿದ್ದು ಬಡಿಸಿದ ಹಾಗೇ ಇದೆ. ಒಂದು ತುತ್ತೂ ಮುಟ್ಟಿಲ್ಲ. ಏನಾಯ್ತು ಅಂದ್ರೆ ಅಯ್ಯೋ ಅಂತಾರೆ."

ಹಾಲಪ್ಪ ಮಣೆಯ ಹತ್ತಿರ ಹೋಗಿ, "ಏಯ್, ಎದ್ದೇಳು. ಹೋಗಿ ಕೊಳವೆ ಸೇರು," ಅಂತ ಗದರಿದ.

"ಯಾಕೆ ಏಳಲಿ?" ಅಂದಿತು ಸದ್ದು. "ಇಷ್ಟು ವರ್ಷ ನಿನ್ನ ಹಿಂದೆ ಧೂಳು ಕುಡಿದೆ. ಯಾರೂ ನನಗೆ ಮಣೆ ಹಾಕಿದವರಿಲ್ಲ. ಇವಳು ಹಾಕಿದಳು. ನಾನೇ ಗಂಡ."

"ಗಂಡ ಆದ್ರೆ ರೊಟ್ಟಿ ತಿನ್ನು ನೋಡೋಣ."

ಸದ್ದು ಪ್ರಯತ್ನಪಟ್ಟಿತು. ಪಟಪಟ ಅಂದಿತು. ರೊಟ್ಟಿ ನಡುಗಿತು. ಪಡಕ್ ಅಂದಿತು. ಎಣ್ಣೆಗಾಯಿ ಅಲುಗಿತು. ಒಂದು ಚೂರೂ ಕಡಿಮೆಯಾಗಲಿಲ್ಲ.

ಹಸಿದವನು ಎಷ್ಟು ಹೊತ್ತು ನೋಡುತ್ತಾ ನಿಂತಾನು? ಹಾಲಪ್ಪ ಕುಕ್ಕರಗಾಲಲ್ಲಿ ಕೂತು ರೊಟ್ಟಿ ಮುರಿದ. ಎಣ್ಣೆಗಾಯಿಯಲ್ಲಿ ಅದ್ದಿ ಬಾಯಿಗಿಟ್ಟ. ಅಗಿದ. ಅಗಿಯುತ್ತಾ ಅಗಿಯುತ್ತಾ ಅವನ ಹುಬ್ಬು ಗಂಟಾಯಿತು.

"ಉಪ್ಪೇ ಹಾಕಿಲ್ವಲ್ಲೇ!" ಅಂದ.

ಸಣ್ಣೀರಮ್ಮ ಗಕ್ಕನೆ ತಿರುಗಿದಳು. ಸೊಂಟದ ಮೇಲೆ ಕೈ ಇಟ್ಟಳು. ಅವನನ್ನು ಮೇಲೆ ನೋಡಲಿಲ್ಲ, ಕೆಳಗೆ ನೋಡಲಿಲ್ಲ, ನೆಟ್ಟಗೆ ನೋಡಿದಳು.

"ಒಂದು ದಿನ ಉಪ್ಪು ಕಮ್ಮಿ, ಒಂದು ದಿನ ಖಾರ ಜಾಸ್ತಿ! ಈ ಬಾಯಲ್ಲಿ ಯಾವತ್ತಾದ್ರೂ ಚೆನ್ನಾಗಿದೆ ಅಂತ ಬಂದಿದ್ಯಾ? ನಿನ್ನೆಯಿಂದ ಕಾಯ್ತಾ ಕೂತಿದ್ದೀನಿ, ಎಲ್ಲಿ ಹಾಳಾಗಿ ಹೋಗಿದ್ರಿ?"

"ಇಲ್ಲೇ ಜಗಲಿ ಮೇಲೆ," ಅಂದ ಹಾಲಪ್ಪ. ಅವನು ಇನ್ನೊಂದು ತುತ್ತು ಮುರಿದ. ಅವಳು ಬೈಯುತ್ತಲೇ ಹೋಗಿ ನೀರು ತಂದಳು, ಈ ಸಲ ನೆಂಟರಿಗೆ ಕೊಡುವ ಹಾಗಲ್ಲ, ಕುಕ್ಕಿ ಇಟ್ಟಳು.

ಸದ್ದು ಇದನ್ನೆಲ್ಲ ಕೇಳಿತು. ಇಷ್ಟು ಬೈಸಿಕೊಳ್ಳುವುದು ತನ್ನ ಕೈಲಾಗುವ ಕೆಲಸವಲ್ಲ ಅಂತ ಅದಕ್ಕೆ ತಿಳಿಯಿತು. ಮಣೆಯಿಂದ ಮೆಲ್ಲಗೆ ಎದ್ದು, ಹೊಸಿಲು ದಾಟಿ, ಕೊಳವೆಯೊಳಗೆ ನುಸುಳಿ ಮಲಗಿತು.

ಇದರ ನೀತಿ ಬೇಕೇ ಬೇಕು ಅನ್ನುವವರಿಗೆ: ಮಣೆಯ ಮೇಲೆ ಕೂತವರು ಸದ್ದೋ ಮನುಷ್ಯರೋ ಅಂತ ಸಂಶಯ ಬಂದರೆ, ಪಲ್ಯಕ್ಕೆ ಉಪ್ಪು ಹಾಕದೆ ನೋಡಿ.

ಕತೆ ಊರು ಮುಟ್ಟಿತು. ಹೇಳಿದವನು ಸ್ಟ್ಯಾಂಡ್ ಹಾಕಿದ. ಹಿಂದೆ ಕೂತವರು ಇಳಿಯಿರಿ, ಕೊಳವೆ ಬಿಸಿಯಿದೆ, ಕಾಲು ಜೋಪಾನ.